ಹಡ್ಲು ಗದ್ದೆಯಲ್ಲಿ ಹೊಂಡ ತೆಗೆಸಿದ್ರೆ ಕಪ್ಪು ಮಣ್ಣು, ನೀರಿನ ಮೇಲೆ ಎಣ್ಣೆ ಪದರ. ಕೆಳಗೆ ಏನಾದ್ರೂ ಇರಬಹುದಾ?

ಹಡ್ಲುಗದ್ದೆ (ಮೂಡಿಗೆರೆ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಕೆಳಗೆ ಅರ್ಧ ಎಕರೆ ಹಡ್ಲು ಬಿದ್ದಿದೆ. ಅಪ್ಪನ ಕಾಲದಲ್ಲಿ ಭತ್ತ ಬೆಳೀತಿದ್ರು, ಆಳು ಸಿಗದೆ ಬಿಟ್ಟು ಹದಿನೈದು ವರ್ಷ ಆಯ್ತು. ಕಾಫಿ ಹೂ ಅರಳಿಸೋ ಹೂಮಳೆ ಕೈಕೊಟ್ರೆ ಸ್ಪ್ರಿಂಕ್ಲರ್‌ಗೆ ನೀರು ಇರಲಿ ಅಂತ ಹೋದ ವಾರ ಇಟಾಚಿ ತರಿಸಿ ಹೊಂಡ ತೆಗೆಸಿದೆ.

ಮೇಲೆ ಬೂದು ಬಣ್ಣದ ಜೇಡಿ. ಏಳೆಂಟು ಅಡಿ ಇಳಿದ ಮೇಲೆ ಮಸಿಯಂಥ ಕಪ್ಪು ಪದರ ಬಂತು, ಹೆಚ್ಚುಕಮ್ಮಿ ಒಂದೂವರೆ ಅಡಿ ದಪ್ಪ. ಅದರೊಳಗೆ ಬೇರು, ಮರದ ತುಂಡು, ಎಲೆ. ಒಂದು ಎಲೆಯಂತೂ ನರ ಸಮೇತ ಇಡೀ ಬಂತು, ಕಂದು ಬಣ್ಣ, ನಿನ್ನೆ ಉದುರಿದ್ದೇನೋ ಅನ್ನೋ ಹಾಗೆ. ಅಂಗೈಯಲ್ಲಿಟ್ಟುಕೊಂಡು ಅಮ್ಮನಿಗೆ ತೋರಿಸೋಣ ಅಂತ ಮನೆ ಮೆಟ್ಟಿಲು ಹತ್ತೋದ್ರೊಳಗೆ ಕಪ್ಪಾಗಿಹೋಯ್ತು. ಕೊಳೆತ ಮೊಟ್ಟೆ ವಾಸನೆ ಬೇರೆ.

ಮೂರನೇ ದಿನ ಹೊಂಡದ ಅಂಚಲ್ಲಿ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ. ಇಟಾಚಿ ಡ್ರೈವರ್ ಒಂದು ತೊಟ್ಟು ಡೀಸೆಲ್ ಸೋರಿಲ್ಲ ಅಂತ ಆಣೆ ಹಾಕ್ತಾನೆ. ಊರಲ್ಲಿ ಆಗಲೇ ನಮ್ಮ ಗದ್ದೇಲಿ ಪೆಟ್ರೋಲ್ ಸಿಕ್ತಂತೆ ಅಂತ ಸುದ್ದಿ. ನಿನ್ನೆ ಯಾರೋ ಒಬ್ರು ಬೈಕಲ್ಲಿ ಬಂದು "ಸ್ಯಾಂಪಲ್ ಟೆಸ್ಟ್ ಮಾಡಿಸಿ ಕೊಡ್ತೀನಿ, ಐದು ಸಾವಿರ ಆಗುತ್ತೆ, ಕಲ್ಲಿದ್ದಲು ಇದ್ದೇ ಇದೆ" ಅಂದ್ರು. ಗೊತ್ತಿರೋರು ಹೇಳಿ.

ಪೂರ್ತಿ ರೋಬಸ್ಟಾ

ಗೌಡ್ರೆ, ಬಂಕ್ ಓಪನಿಂಗ್ ಯಾವಾಗ? ನಮ್ಮ ಪಿಕಪ್‌ಗೆ ಸಾಲ ಕೊಡ್ತೀರ ತಾನೆ?

ಟ್ಯಾಂಕರ್ ಶಿರಾಡಿ

ಹಂಗಾದ್ರೆ ನನ್ನ ಹೊಟ್ಟೆ ಮೇಲೆ ಹೊಡೆದ್ರಿ ಅಣ್ಣ. ಮೂಡಿಗೇರೇಲೇ ಪೆಟ್ರೋಲ್ ಸಿಕ್ಕಿದ್ರೆ ನಾನ್ಯಾಕೆ ಹಾಸನದಿಂದ ಲೋಡ್ ತರಲಿ.

ಬೇಲೂರು ಮೇಷ್ಟ್ರು

ಮೊದಲು ದುಡ್ಡಿನ ಮಾತು. ಆ ಬೈಕಿನವನಿಗೆ ಐದು ಪೈಸೆಯನ್ನೂ ಕೊಡಬೇಡಿ. ನಿಮ್ಮ ಎಣ್ಣೆ ಪದರವನ್ನು ಪರೀಕ್ಷೆ ಮಾಡಲು ಒಂದು ಕಾಫಿ ಕಡ್ಡಿ ಸಾಕು.

ಕಡ್ಡಿಯಿಂದ ಆ ಪದರವನ್ನು ಸೀಳಿ ನೋಡಿ. ಡೀಸೆಲ್ಲೋ ಎಣ್ಣೆಯೋ ಆಗಿದ್ದರೆ ಸೀಳಿದ ಜಾಗ ಸುಳಿಸುಳಿಯಾಗಿ ಹರಿದು ಮತ್ತೆ ಕೂಡಿಕೊಳ್ಳುತ್ತದೆ. ಹಾಗಾಗದೆ, ಆರಿದ ಹಾಲಿನ ಕೆನೆಗೆ ಚಮಚ ತಾಗಿಸಿದ ಹಾಗೆ ತುಂಡುತುಂಡಾಗಿ ಒಡೆದು, ಚೂರುಗಳು ಚೂಪಾದ ಅಂಚಿನೊಂದಿಗೆ ಹಾಗೇ ತೇಲುತ್ತಿದ್ದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪೊರೆ. ಗಾಳಿಯಿಲ್ಲದ ಕೆಸರಿನಲ್ಲಿ ಕಬ್ಬಿಣ ನೀರಿಗೆ ಕರಗಿರುತ್ತದೆ. ಹೊಂಡ ತೆಗೆದು ಗಾಳಿಗೆ ಬಿಟ್ಟಿರಿ, ಅದು ತುಕ್ಕಾಗಿ ಮೇಲೆ ಪೊರೆ ಕಟ್ಟಿತು. ಪಕ್ಕದಲ್ಲಿ ಎಲ್ಲಾದರೂ ಕಿತ್ತಳೆ ಬಣ್ಣದ ಲೋಳೆ ಇದೆಯೇ ನೋಡಿ. ಬಾಬಾಬುಡನ್, ಕೆಮ್ಮಣ್ಣುಗುಂಡಿ, ಕುದುರೆಮುಖ ಎಲ್ಲಾ ಕಬ್ಬಿಣದ ಬೆಟ್ಟಗಳೇ ಇರುವ ಜಿಲ್ಲೆ ನಿಮ್ಮದು, ಇದರಲ್ಲಿ ಆಶ್ಚರ್ಯ ಇಲ್ಲ.

ಕಪ್ಪು ಪದರದ ವಿಷಯ ಬೇರೆ, ಅದು ನನಗೆ ಹೆಚ್ಚು ಕುತೂಹಲದ್ದು. ಸಂಜೆ ಬರೆಯುತ್ತೇನೆ. ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದವನು, ಚಿಕ್ಕದಾಗಿ ಬರೆಯಲು ಬರುವುದಿಲ್ಲ, ತಾಳ್ಮೆ ಇರಲಿ.

ಬೇಲೂರು ಮೇಷ್ಟ್ರು

ನಿಮ್ಮ ಮನೆ ತಿಪ್ಪೆಗುಂಡಿಯನ್ನೂ ಈ ಹೊಂಡವನ್ನೂ ಅಕ್ಕಪಕ್ಕ ಇಟ್ಟು ನೋಡಿ. ತಿಪ್ಪೆಗೆ ಹಾಕಿದ ಸೊಪ್ಪು ಒಂದು ಮಳೆಗಾಲ ಕಳೆಯುವುದರೊಳಗೆ ಗೊಬ್ಬರ. ಗಾಳಿ ಇದೆ, ಹುಳ ಇದೆ, ಶಿಲೀಂಧ್ರ ಇದೆ, ಎಲ್ಲಾ ಸೇರಿ ತಿಂದು ಮುಗಿಸುತ್ತವೆ. ಎಲೆಯಲ್ಲಿದ್ದ ಇಂಗಾಲ ಮತ್ತೆ ಗಾಳಿಗೆ ಹೋಗುತ್ತದೆ. ಹಡ್ಲಿನಲ್ಲಿ ಹಾಗಲ್ಲ. ನಿಂತ ನೀರು ಮುಚ್ಚಳ ಹಾಕಿದ ಹಾಗೆ, ಕೆಳಗೆ ಆಮ್ಲಜನಕ ಇಳಿಯುವುದಿಲ್ಲ. ತಿನ್ನುವವರೇ ಇಲ್ಲದ ಮೇಲೆ ಎಲೆ ಹಾಗೇ ಉಳಿಯಿತು. ನಿಮ್ಮ ಅಂಗೈಯಲ್ಲಿ ಅದು ಕಪ್ಪಾಗಿದ್ದು ಯಾಕೆ? ಅಷ್ಟು ಕಾಲದ ಮೇಲೆ ಮೊದಲ ಸಲ ಗಾಳಿ ಸೋಕಿತು. ಕೊಳೆತ ಮೊಟ್ಟೆ ವಾಸನೆಯೂ ಗಾಳಿಯಿಲ್ಲದ ಕೆಸರಿನ ಗುರುತೇ.

ಕಲ್ಲಿದ್ದಲು ಶುರುವಾಗುವುದು ಹೀಗೇ. ಜೌಗಿನಲ್ಲಿ ಗಿಡಗಳು ಬಿದ್ದು, ಪೂರ್ತಿ ಕೊಳೆಯದೆ, ಒಂದರ ಮೇಲೊಂದು ಕೂತು ಪೀಟ್ ಆಗುತ್ತದೆ. ಹಿಂಡಿದರೆ ನೀರು ಸುರಿಯುವ ಕಂದು ಸ್ಪಂಜಿನಂಥ ವಸ್ತು, ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ ಅಂದುಕೊಳ್ಳಿ. ಅಮುಕಿ ಅಮುಕಿ ಹತ್ತು ಮೀಟರ್ ಪೀಟ್ ಒಂದು ಮೀಟರ್ ಕಲ್ಲಿದ್ದಲಾಗುತ್ತದೆ ಅಂತ ಸ್ಥೂಲ ಲೆಕ್ಕ. ಅಂದರೆ ಒಂದು ಮೀಟರ್ ಪದರಕ್ಕೆ ಬೇಕಾದ ಸೊಪ್ಪುಸದೆ ಕೂಡಿಸುವುದಕ್ಕೇ ಹತ್ತು ಸಾವಿರ ವರ್ಷ. ಅದು ಬೇಯುವ ಕಾಲ ಬೇರೆ.

ಹೌದು, ಬೇಯಬೇಕು. ಮೇಲೆ ಮಣ್ಣು, ಮರಳು ಬಿದ್ದು ಆಳಕ್ಕೆ ಹೂತುಹೋದಂತೆ ಶಾಖ ಏರುತ್ತದೆ, ಒಂದು ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ. ನೀರು ಹೋಗುತ್ತದೆ, ಆಮೇಲೆ ಆಮ್ಲಜನಕ, ಹೈಡ್ರೋಜನ್ ಕಳಚುತ್ತವೆ, ಇಂಗಾಲದ ಪಾಲು ಏರುತ್ತದೆ. ಪೀಟ್ ಆದಮೇಲೆ ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲು. ತಮಿಳುನಾಡಿನ ನೈವೇಲಿಯದು ಅದು, ಅಗೆದು ತೆಗೆದಾಗ ಅರ್ಧದಷ್ಟು ತೂಕ ನೀರಿನದೇ. ಅದರ ಮುಂದಿನದು ಬಿಟುಮಿನಸ್, ನಮ್ಮ ವಿದ್ಯುತ್ ಸ್ಥಾವರ, ಉಕ್ಕಿನ ಕಾರ್ಖಾನೆಗಳ ಕಲ್ಲಿದ್ದಲು. ಕೊನೆಯದು ಆಂತ್ರಸೈಟ್. ಕೈಗೆ ಮಸಿ ಅಂಟದ, ಹೊಗೆಯಿಲ್ಲದೆ ಉರಿಯುವ ಹೊಳಪು ಕಲ್ಲು. ನಮ್ಮ ದೇಶದಲ್ಲಿ ತೀರಾ ಕಡಿಮೆ.

ನಿಮ್ಮ ಕಪ್ಪು ಪದರ ಪೀಟ್ ಅನ್ನುವಷ್ಟೂ ಶುದ್ಧ ಇರಲಾರದು, ಜೇಡಿ ಬೆರೆತಿರುತ್ತದೆ. ಕಲ್ಲಿದ್ದಲಿನ ಮೊಳಕೆ ಅನ್ನಿ. ಮರವಾಗುವ ಯೋಗ ಇಲ್ಲ.

ಪೂರ್ತಿ ರೋಬಸ್ಟಾ

ಮೇಷ್ಟ್ರೇ ತಮಾಷೆ ಸಾಕು, ಈಗ ನಿಜವಾದ ಪ್ರಶ್ನೆ. ನಮ್ಮ ಘಟ್ಟದ ಕಾಡು ಯಾವ ಕಾಲದ್ದೋ. ವರ್ಷಾ ವರ್ಷಾ ಮಣಗಟ್ಟಲೆ ಎಲೆ ಉದುರುತ್ತೆ. ಶಿರಾಡಿ, ಚಾರ್ಮಾಡಿ ಕಾಡಿನ ಕೆಳಗೆ ಕಲ್ಲಿದ್ದಲು ಯಾಕಿಲ್ಲ? ಜಾರ್ಖಂಡಿಗೆ ಮಾತ್ರ ಯಾಕೆ?

ಬೇಲೂರು ಮೇಷ್ಟ್ರು

ಒಳ್ಳೆ ಪ್ರಶ್ನೆ, ತರಗತಿಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಕಾಡಿದ್ದರೆ ಸಾಲದು, ನೆಲ ಕುಸಿಯುತ್ತಾ ಹೋಗಬೇಕು. ಘಟ್ಟದ ಇಳಿಜಾರಿನಲ್ಲಿ ಬಿದ್ದ ಎಲೆಯನ್ನು ಗೆದ್ದಲು ತಿನ್ನುತ್ತದೆ, ಉಳಿದದ್ದನ್ನು ಮಳೆ ಹೇಮಾವತಿಗೋ ನೇತ್ರಾವತಿಗೋ ತಳ್ಳುತ್ತದೆ. ಇಲ್ಲಿ ನೆಲ ಸವೆಯುತ್ತಿದೆ, ಹೂಳುವ ಕೆಲಸ ನಡೆಯುತ್ತಿಲ್ಲ. ಅಲ್ಲಿ ಏನಾಯಿತೆಂದರೆ, ಸುಮಾರು 30ರಿಂದ 25 ಕೋಟಿ ವರ್ಷದ ಹಿಂದೆ, ಭಾರತ ಇನ್ನೂ ಗೊಂಡ್ವಾನಾ ಅನ್ನುವ ದೊಡ್ಡ ಭೂಖಂಡದ ಭಾಗವಾಗಿದ್ದಾಗ, ದಾಮೋದರ, ಮಹಾನದಿ, ಗೋದಾವರಿ ಈಗ ಹರಿಯುವ ಸಾಲುಗಳಲ್ಲಿ ನೆಲ ಬಿರುಕು ಬಿಟ್ಟು ತೊಟ್ಟಿಯ ಹಾಗೆ ಕುಸಿಯುತ್ತಾ ಹೋಯಿತು. ತೊಟ್ಟಿ ತುಂಬಾ ಜೌಗು, ಜೌಗಿನ ತುಂಬಾ ಕಾಡು. ತುಂಬಿದಷ್ಟೂ ಕುಸಿಯಿತು, ಕುಸಿದಷ್ಟೂ ತುಂಬಿತು. ನಕ್ಷೆಯಲ್ಲಿ ರಾಣಿಗಂಜ್, ಝರಿಯಾ, ತಾಲ್ಚೇರ್, ಸಿಂಗರೇಣಿ ಗುರುತು ಮಾಡಿ, ನದಿ ಕಣಿವೆಗಳಿಗೆ ಮಣಿ ಪೋಣಿಸಿದ ಹಾಗೆ ಕಾಣುತ್ತದೆ.

ಇನ್ನು ನಮ್ಮ ನೆಲ. ಗೊರೂರು ಸುತ್ತಿನ, ನೈಸ್ ಅನ್ನುವ ಪಟ್ಟೆಪಟ್ಟೆ ಬಂಡೆಯ ವಯಸ್ಸು ಸುಮಾರು 330 ಕೋಟಿ ವರ್ಷ. ಹೊಳೆನರಸೀಪುರದ ಕಡೆಯ ಕಲ್ಲುಗಳನ್ನು ನೋಡಲು ದೇಶ ವಿದೇಶದವರು ಸುತ್ತಿಗೆ ಹಿಡಿದು ಬರುತ್ತಾರೆ. ಬಾಬಾಬುಡನ್ ಕಬ್ಬಿಣದ ಪದರಗಳು ಅದಕ್ಕಿಂತ ಚಿಕ್ಕವು, ಆದರೂ 270 ಕೋಟಿ ಆಸುಪಾಸು. ನೆಲದ ಮೇಲೆ ಗಿಡ ಅನ್ನುವುದು ಕಾಣಿಸಿಕೊಂಡಿದ್ದೇ ಸುಮಾರು 47 ಕೋಟಿ ವರ್ಷದ ಹಿಂದೆ. ಗಿಡವೇ ಹುಟ್ಟುವ ಮೊದಲಿನ ಬಂಡೆಯಲ್ಲಿ ಗಿಡದ ಕಲ್ಲಿದ್ದಲು ಎಲ್ಲಿಂದ ಬರಬೇಕು? ಬೈಕಿನವನನ್ನು ಇದೊಂದು ಕೇಳಿ.

ಟ್ಯಾಂಕರ್ ಶಿರಾಡಿ

ಸಾರ್, ಈ ಕೋಟಿ ಲೆಕ್ಕ ನಮ್ಮ ತಲೆಗೆ ಹತ್ತಲ್ಲ. ನಂಗೊತ್ತಿರೋದು ರೋಡು. ಹಾಸನದಿಂದ ಮೆಜೆಸ್ಟಿಕ್‌ಗೆ 185 ಕಿಲೋಮೀಟರ್. ಅದನ್ನ 330 ಕೋಟಿ ವರ್ಷ ಅಂದ್ಕೊಂಡೆ. ಮೊಬೈಲಲ್ಲಿ ಭಾಗಿಸಿದ್ರೆ ಒಂದು ಕೋಟಿ ವರ್ಷಕ್ಕೆ 560 ಮೀಟರ್ ಬಂತು. ಗಾಡಿ ಬಿಟ್ಟೆ ನೋಡಿ.

ಹಾಸನ ಬಿಡುವಾಗ ಗೊರೂರು ಬಂಡೆ. ಚನ್ನರಾಯಪಟ್ಟಣ ಬರೋಕೆ ಸ್ವಲ್ಪ ಮುಂಚೆ ಬಾಬಾಬುಡನ್ ಕಬ್ಬಿಣ. ಆಮೇಲೆ ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ಎಲ್ಲೂ ಒಂದು ಹುಲ್ಲುಕಡ್ಡಿ ಇಲ್ಲ. ನೆಲಮಂಗಲದ ಹತ್ತಿರ ಮೊದಲನೇ ಗಿಡ. ಮಾದಾವರ ದಾಟಿ ಎಂಟನೇ ಮೈಲಿ ಸಿಗೋದ್ರೊಳಗೆ ಸಿಂಗರೇಣಿ, ಝರಿಯಾ ಎಲ್ಲಾ ಮುಗೀತು. ಡೈನೋಸಾರು ಮಲ್ಲೇಶ್ವರದ ಹತ್ರ ಸತ್ತವು. ಮನುಷ್ಯ ಬಂದು 3 ಲಕ್ಷ ವರ್ಷ ಅಂತ ಮಗಳು ಹೇಳಿದಳು, ಅದು 17 ಮೀಟರ್. ನನ್ನ ಟ್ಯಾಂಕರಿನ ಒಂದೂವರೆ ಉದ್ದ.

ಕಲ್ಲಿದ್ದಲು ಉರಿಸೋಕೆ ಜೋರಾಗಿ ಶುರು ಮಾಡಿ 250 ವರ್ಷ ಅಂದ್ರೆ ಒಂದೂವರೆ ಸೆಂಟಿಮೀಟರ್ ಕೂಡ ಇಲ್ಲ. ಬಂಪರ್ ಮೇಲಿನ ಪೇಂಟು ಕೆರೆದಷ್ಟು. ನಂಬಿಕೆ ಬರದೆ ಮೂರು ಸಲ ಲೆಕ್ಕ ಹಾಕ್ದೆ.

ಬೇಲೂರು ಮೇಷ್ಟ್ರು

ನಾನೂ ಹಾಕಿ ನೋಡಿದೆ. ಸರಿಯಾಗಿದೆ. ನಿವೃತ್ತಿಗೆ ಮೊದಲು ಸಿಕ್ಕಿದ್ದರೆ ನಿಮ್ಮನ್ನೇ ತರಗತಿಗೆ ಕರೆಸುತ್ತಿದ್ದೆ.

ಕಡೂರು ಪಿಯು

ಡೈನೋಸಾರ್ ಅಂದಿದ್ದಕ್ಕೆ ನೆನಪಾಯ್ತು ಸಾರ್. ಪೆಟ್ರೋಲ್ ಡೈನೋಸಾರಿಂದ ಬಂದಿದ್ದು ಅಂತ ಒಂದು ವಿಡಿಯೋದಲ್ಲಿ ಇತ್ತು. ಹೌದಾ? ಕಲ್ಲಿದ್ದಲೇ ಇನ್ನೂ ಬೆಂದ್ರೆ ಪೆಟ್ರೋಲ್ ಆಗುತ್ತಾ?

ಬೇಲೂರು ಮೇಷ್ಟ್ರು

ಎರಡೂ ಅಲ್ಲ ಮಗಳೇ. ಡೈನೋಸಾರ್ ಸತ್ತರೆ ತಿನ್ನಲು ನೂರು ಪ್ರಾಣಿ ಕಾದಿರುತ್ತಿದ್ದವು. ಎಣ್ಣೆ ಹುಟ್ಟಿದ್ದು ಕಣ್ಣಿಗೆ ಕಾಣದವುಗಳಿಂದ, ಸಮುದ್ರದಲ್ಲಿ, ಕೆಲವು ಕಡೆ ಸರೋವರಗಳಲ್ಲಿ ತೇಲುವ ಪಾಚಿ, ಪ್ಲವಕಗಳಿಂದ. ಅವು ಸತ್ತು ತಳದ ಗಾಳಿಯಿಲ್ಲದ ಕೆಸರಿಗೆ ಇಳಿಯುತ್ತವೆ. ಮರದಲ್ಲಿ ನಾರು ಜಾಸ್ತಿ, ಪಾಚಿಯಲ್ಲಿ ಕೊಬ್ಬಿನಂಶ ಜಾಸ್ತಿ. ಅದಕ್ಕೇ ಮರ ಬೆಂದರೆ ಹೆಚ್ಚಾಗಿ ಕಲ್ಲಿದ್ದಲು, ಪಾಚಿ ಬೆಂದರೆ ಎಣ್ಣೆ.

ಆ ಕೆಸರು ಗಟ್ಟಿಯಾಗಿ ಕಲ್ಲಾದಾಗ ಒಳಗೆ ಕೆರೊಜೆನ್ ಅನ್ನುವ ಮೇಣದಂಥ ಪದಾರ್ಥ ಉಳಿಯುತ್ತದೆ. ಎರಡು ಮೂರು ಕಿಲೋಮೀಟರ್ ಆಳಕ್ಕೆ ಹೋಗಿ 60 ಡಿಗ್ರಿ ದಾಟಿದ ಮೇಲೆ ಅದು ಒಡೆದು ಎಣ್ಣೆ ಬಿಡಲು ಶುರು. ಸುಮಾರು 120 ಡಿಗ್ರಿವರೆಗೆ ಎಣ್ಣೆಯ ಹದ. ಅದನ್ನೂ ಮೀರಿದರೆ ಎಣ್ಣೆಯೇ ಮುರಿದು ಅನಿಲವಾಗುತ್ತದೆ, ಬಹುಪಾಲು ಮೀಥೇನ್. ಇನ್ನೂ ಕಾದರೆ ಅದೂ ಇಲ್ಲ.

ಸಕಲೇಶಪುರದ ಸೊಸೆ

ಇದು ಬೆಣ್ಣೆ ಕಾಯಿಸಿದ ಹಾಗೇ ಆಯ್ತಲ್ಲ ಮೇಷ್ಟ್ರೇ. ಉರಿ ಸಾಲದಿದ್ರೆ ಬೆಣ್ಣೆ ಬೆಣ್ಣೆಯಾಗೇ ಇರುತ್ತೆ. ಹದಕ್ಕೆ ಬಂದ್ರೆ ತುಪ್ಪ. ಫೋನು ಬಂತು ಅಂತ ಆಚೆ ಹೋದ್ರೆ ಹೊಗೆ, ತಳದಲ್ಲಿ ಕರಿ. ಹೊಳೆನರಸೀಪುರದ ಬಂಡೆ ಅಂದ್ರೆ ಯಾವತ್ತೋ ತಳ ಹತ್ತಿದ ಪಾತ್ರೆ.

ಬೇಲೂರು ಮೇಷ್ಟ್ರು

ಅಮ್ಮಾ, ಅಷ್ಟೇ. ನಮ್ಮ ಬಂಡೆಗಳು ಭೂಮಿಯೊಳಗೆ ನೂರಾರು ಡಿಗ್ರಿ ಶಾಖ ಕಂಡು, ಮಡಚಿ, ಹಿಂಡಿ ಬಂದವು. ಒಳಗೆ ಯಾವುದೋ ಕಾಲದ ಸೂಕ್ಷ್ಮಜೀವಿಗಳ ಇಂಗಾಲ ಇದ್ದಿದ್ದರೂ ಈ ಹೊತ್ತಿಗೆ ಗ್ರಾಫೈಟ್ ಆಗಿರುತ್ತದೆ. ಅದು ಒಲೆಗೆ ಬರುವುದಿಲ್ಲ, ಪೆನ್ಸಿಲ್ಲಿಗೆ ಬರುತ್ತದೆ.

ಒಂದು ಮಾತು ಬಿಟ್ಟಿದ್ದೆ. ಎಣ್ಣೆ ಹುಟ್ಟಿದ ಜಾಗದಲ್ಲೇ ಇರುವುದಿಲ್ಲ. ನೀರಿಗಿಂತ ಹಗುರ, ಕಲ್ಲಿನ ರಂಧ್ರಗಳಲ್ಲಿ ಮೇಲಕ್ಕೆ ಜಿನುಗುತ್ತಾ ಬರುತ್ತದೆ. ಮೇಲೆ ನೀರೂ ಇಳಿಯದ ಜೇಡಿಗಲ್ಲಿನ ಮುಚ್ಚಳ ಸಿಕ್ಕಿದರೆ ಅಲ್ಲಿ ನಿಲ್ಲುತ್ತದೆ. ಸಿಗದಿದ್ದರೆ ನೆಲದ ಮೇಲೆ ಒಸರಿ ಹಾಳಾಗುತ್ತದೆ. ಹುಟ್ಟಿದ ಎಣ್ಣೆಯಲ್ಲಿ ಸಿಕ್ಕಿಬಿದ್ದದ್ದು ಸ್ವಲ್ಪವೇ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಎಣ್ಣೆ ಸಿಕ್ಕಿತು, ಅಲ್ಲಿನ ಸಂಸ್ಕರಣಾಗಾರ 1901ರದ್ದು. ಬಾಂಬೆ ಹೈ ಸಿಕ್ಕಿದ್ದು 1974ರಲ್ಲಿ, ಸಮುದ್ರದ ನಡುವೆ.

ಟ್ಯಾಂಕರ್ ಶಿರಾಡಿ

ಕೆಳಗೆ ದೊಡ್ಡ ಕೆರೆ ಇರುತ್ತೆ, ಪೈಪ್ ಬಿಟ್ಟು ಎಳೀತಾರೆ ಅಂತ ಇಪ್ಪತ್ತು ವರ್ಷದಿಂದ ಅಂದ್ಕೊಂಡಿದ್ದೆ. ಎಣ್ಣೆ ಸಾಗಿಸೋನೇ ಹಿಂಗೆ.

ಬೇಲೂರು ಮೇಷ್ಟ್ರು

ಸಾಂಬಾರಿನಲ್ಲಿ ನೆನೆದ ಇಡ್ಲಿ ನೆನೆಸಿಕೊಳ್ಳಿ. ಇಡ್ಲಿಯೊಳಗೆ ಕೆರೆ ಇಲ್ಲ, ಆದರೂ ಒತ್ತಿದರೆ ಸಾಂಬಾರು ಬರುತ್ತದೆ. ಬಾಂಬೆ ಹೈನಲ್ಲಿ ಇಡ್ಲಿಯ ಜಾಗದಲ್ಲಿ ಸುಣ್ಣದ ಕಲ್ಲು.

ಟ್ಯಾಂಕರ್ ಶಿರಾಡಿ

ಆದ್ರೆ ನಿಜವಾದ ಕೆರೆ ನಮ್ಮ ಕಡೆ ಒಂದಿದೆ ಸಾರ್. ಉಡುಪಿ ಹತ್ರ ಪಾದೂರು, ಆಮೇಲೆ ಮಂಗಳೂರು. ಬಂಡೆ ಕೊರೆದು ಗುಹೆ ಮಾಡಿ ಕಚ್ಚಾ ಎಣ್ಣೆ ತುಂಬಿಟ್ಟಿದಾರೆ, ಯುದ್ಧಗಿದ್ಧ ಆಗಿ ಹಡಗು ನಿಂತ್ರೆ ಇರಲಿ ಅಂತ.

ಬೇಲೂರು ಮೇಷ್ಟ್ರು

ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಹಿಡಿಯುವಷ್ಟು ಜಾಗ ಇದೆ. ಗುಹೆಗೆ ಒಳಗಡೆ ಉಕ್ಕಿನ ಹೊದಿಕೆ ಹಾಕಿಲ್ಲ. ಸುತ್ತಲ ಬಂಡೆಯ ಬಿರುಕುಗಳಲ್ಲಿ ನೀರಿನ ಒತ್ತಡ ಇಟ್ಟಿರುತ್ತಾರೆ, ನೀರು ಒಳಕ್ಕೆ ತಳ್ಳುವುದರಿಂದ ಎಣ್ಣೆ ಹೊರಗೆ ಹೋಗುವುದಿಲ್ಲ. ಎಣ್ಣೆ ಹುಟ್ಟಿಸಲಾರದ ಹಳೇ ಗಟ್ಟಿ ಬಂಡೆ ಎಣ್ಣೆ ಬಚ್ಚಿಡುವುದಕ್ಕೆ ಹೇಳಿ ಮಾಡಿಸಿದ್ದು. ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುವಾಗ ಇದು ಬೇಕೇ ಬೇಕು.

ಟ್ಯಾಂಕರ್ ಶಿರಾಡಿ

ಮಂಗಳೂರಲ್ಲಿ ಸಂಸ್ಕರಿಸಿದ್ದು ನೆರಿಯದ ಮೇಲೆ ಘಟ್ಟ ಹತ್ತಿ ಹಾಸನಕ್ಕೆ, ಅಲ್ಲಿಂದ ಬೆಂಗಳೂರು ಹತ್ರ ದೇವನಗೊಂದಿಗೆ ಪೈಪಲ್ಲೇ ಹೋಗುತ್ತೆ. ಸುಮಾರು 360 ಕಿಲೋಮೀಟರ್. ಒಂದೇ ಪೈಪು, ಪೆಟ್ರೋಲ್ ಹಿಂದೆ ಡೀಸೆಲ್, ರೈಲು ಬೋಗಿ ಥರ ಒಂದರ ಹಿಂದೆ ಒಂದು. ಈ ಪೈಪ್ ಬರೋ ಮುಂಚೆ ಶಿರಾಡೀಲಿ ಟ್ಯಾಂಕರ್ ಸಾಲು ಹೆಂಗಿತ್ತು ಅಂತ ಹಳೇ ಡ್ರೈವರ್‌ಗಳನ್ನ ಕೇಳಿ.

ಸಕಲೇಶಪುರದ ಸೊಸೆ

ನಂದೊಂದು ಪ್ರಶ್ನೆ. ನಮ್ಮ ಮನೇಲಿ ಗೋಬರ್ ಗ್ಯಾಸ್ ಇದೆ. ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ನೀರು ನಿಲ್ಲೋ ಗುಂಡೀಲೂ ಗುಳುಗುಳು ಗುಳ್ಳೆ ಬರುತ್ತೆ. ಅದೂ ಮೀಥೇನ್ ಅಂತಾರೆ. ಹಂಗಾದ್ರೆ ಅದೂ ಪಳೆಯುಳಿಕೆ ಇಂಧನಾನಾ? ಸಿಲಿಂಡರ್ ಗ್ಯಾಸೂ ಅದೇನಾ?

ಬೇಲೂರು ಮೇಷ್ಟ್ರು

ವಸ್ತು ಒಂದೇ, ವಯಸ್ಸು ಬೇರೆ. ಗೋಬರ್ ಗ್ಯಾಸಿನ ಇಂಗಾಲ ಹೋದ ವರ್ಷ ಹಸು ಮೇಯ್ದ ಹುಲ್ಲಿನದು. ನೈಸರ್ಗಿಕ ಅನಿಲದ್ದು ಕೋಟ್ಯಂತರ ವರ್ಷ ಹೂತಿದ್ದು. ಗುಂಡಿಯಲ್ಲಿ ಬ್ಯಾಕ್ಟೀರಿಯಾ ಮಾಡಿದ ಕೆಲಸವನ್ನು ಆಳದಲ್ಲಿ ಬಹುಮಟ್ಟಿಗೆ ಶಾಖ ಮಾಡುತ್ತದೆ.

ಸಿಲಿಂಡರಿನದು ಮೀಥೇನ್ ಅಲ್ಲ, ಪ್ರೊಪೇನ್ ಮತ್ತು ಬ್ಯುಟೇನ್. ಕಚ್ಚಾ ಎಣ್ಣೆ ಸಂಸ್ಕರಿಸುವಾಗಲೂ ಅನಿಲ ಶುದ್ಧಿ ಮಾಡುವಾಗಲೂ ಸಿಗುತ್ತದೆ. ಆ ಕೆಟ್ಟ ವಾಸನೆ ಸೋರಿಕೆ ಗೊತ್ತಾಗಲಿ ಅಂತ ಬೇಕೆಂದೇ ಬೆರೆಸಿದ್ದು. ಮನೆಯಲ್ಲಿ ನೆನಪಿಡಬೇಕಾದ್ದು: ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಮೀಥೇನ್ ಹಗುರ, ಮೇಲೇರುತ್ತದೆ.

ಅರಸೀಕೆರೆ ಟು ಶಕ್ತಿನಗರ

ತಡವಾಗಿ ನೋಡಿದೆ. ರಾಯಚೂರು ಶಕ್ತಿನಗರದಲ್ಲಿ ಕಲ್ಲಿದ್ದಲು ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಸಿಂಗರೇಣಿ ವ್ಯಾಗನ್ ಸುರಿದಾಗ ಹತ್ತಿರದಿಂದ ನೋಡಿ, ಇಡೀ ಕಪ್ಪು ಇರೋದಿಲ್ಲ. ಹೊಳಪಿನ ಒಂದು ಗೆರೆ, ಮಂಕು ಒಂದು ಗೆರೆ, ಮಧ್ಯೆ ಬೂದು ಕಲ್ಲು, ಮೈಸೂರುಪಾಕಿನ ಅಡ್ಡ ಸೀಳು ಕಪ್ಪಾದ ಹಾಗೆ. ನಮ್ಮ ದೇಶದ ಕಲ್ಲಿದ್ದಲು ನೂರು ಕೆ.ಜಿ. ಉರಿಸಿದ್ರೆ 35–40 ಕೆ.ಜಿ. ಬೂದಿ. ಜೌಗಿಗೆ ಸೊಪ್ಪಿನ ಜೊತೆ ಹೊಳೆ ಕೆಸರೂ ಬಂದು ಬಿದ್ದಿತ್ತಂತೆ, ಅದಕ್ಕೆ. ಗಂಧಕ ಮಾತ್ರ ಕಮ್ಮಿ, ಅದೊಂದು ಪುಣ್ಯ.

ಒಂದು ಸಲ ಬೆಲ್ಟಿನ ಪಕ್ಕ ಬಿದ್ದ ಬೂದು ಕಲ್ಲು ಒಡೆದ್ರೆ ಒಳಗೆ ಎಲೆ ಅಚ್ಚು. ಮಾವಿನೆಲೆಯಷ್ಟು ಉದ್ದ, ತುದಿ ನಾಲಿಗೆ ಥರ, ನಡುವೆ ನರ. ಮನೆಗೆ ತಂದು ಟಿವಿ ಪಕ್ಕ ಇಟ್ಟಿದ್ದೇನೆ.

ಬೇಲೂರು ಮೇಷ್ಟ್ರು

ಗ್ಲಾಸಾಪ್ಟೆರಿಸ್! ಹೆಸರಿನ ಅರ್ಥವೇ ನಾಲಿಗೆ ಜರೀಗಿಡ ಅಂತ, ಅದು ನಿಜವಾಗಿ ಜರೀಗಿಡ ಅಲ್ಲದಿದ್ದರೂ. ಇದೇ ಗಿಡ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಅಂಟಾರ್ಕ್ಟಿಕಾದಲ್ಲೂ ಸಿಗುತ್ತದೆ. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ಸತ್ತ ಬ್ರಿಟಿಷ್ ಅನ್ವೇಷಕ ಸ್ಕಾಟ್ ಮತ್ತು ಜೊತೆಗಾರರ ಸಾಮಾನಿನಲ್ಲಿ ಸುಮಾರು 16 ಕೆ.ಜಿ. ಕಲ್ಲು ಇತ್ತು. ನಡೆಯಲು ತ್ರಾಣ ಇಲ್ಲದಾಗಲೂ ಎಸೆದಿರಲಿಲ್ಲ. ಅದರಲ್ಲಿ ಈ ಎಲೆಯೂ ಇತ್ತು. ಭೂಖಂಡಗಳು ಒಮ್ಮೆ ಕೂಡಿಕೊಂಡಿದ್ದವು ಅನ್ನುವುದಕ್ಕೆ ಅದು ಸಾಕ್ಷಿ. ಆ ಕಲ್ಲನ್ನು ಒರೆಸುವಾಗ ಜೋಪಾನ, ಒದ್ದೆ ಬಟ್ಟೆ ಬೇಡ.

ಪೂರ್ತಿ ರೋಬಸ್ಟಾ

ಕಲ್ಲಿದ್ದಲಿಗೂ ನಮಗೂ ಸಂಬಂಧ ಇಲ್ಲ ಅನ್ನೋ ಹಾಗೂ ಇಲ್ಲ. ಹೊರದೇಶದ ಕಲ್ಲಿದ್ದಲು ಹಡಗಲ್ಲಿ ಬಂದು ಪಡುಬಿದ್ರಿ ಹತ್ರ ಉರಿಯುತ್ತೆ, ಕರೆಂಟು ನಂದಿಕೂರಿಂದ ಶಾಂತಿಗ್ರಾಮಕ್ಕೆ 400 ಕೆ.ವಿ. ಲೈನಲ್ಲಿ ಘಟ್ಟ ದಾಟುತ್ತೆ. ಹೊಗೆ ಗಾಳೀಲಿ ಇರುತ್ತೆ. ಕಾರ್ಖಾನೆ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280 ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಹೂತಿಟ್ಟಿದ್ದನ್ನ ವಾಪಸ್ ಬಿಡ್ತಿದೀವಿ ಅಷ್ಟೇ, ಟ್ಯಾಂಕರ್ ಅಣ್ಣ ಹೇಳಿದ ಆ ಒಂದೂವರೆ ಸೆಂಟಿಮೀಟರಲ್ಲಿ.

ಹಡ್ಲುಗದ್ದೆ (ಮೂಡಿಗೆರೆ ಕಡೆ)

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಕಾಫಿ ಕಡ್ಡಿ ಹಿಡ್ಕೊಂಡು ಹೊಂಡಕ್ಕೆ ಇಳಿದೆ, ಹಿಂದೆ ಅರ್ಧ ಊರು. ಸೀಳಿದ ಕೂಡಲೇ ಪದರ ಗಾಜಿನ ಬಿಲ್ಲೆ ಥರ ಚೂರುಚೂರಾಯ್ತು, ಕೂಡಿಕೊಳ್ಳಲೇ ಇಲ್ಲ. ಮೂಲೇಲಿ ಕಿತ್ತಳೆ ಲೋಳೆಯೂ ಇದೆ. ಪಕ್ಕದ್ಮನೆ ಅಜ್ಜ ಮಾತ್ರ "ಕಡ್ಡಿ ಸರಿ ಇಲ್ಲ" ಅಂತ ಇನ್ನೂ ವಾದ ಮಾಡ್ತಿದಾರೆ.

ಕಪ್ಪು ಮಣ್ಣನ್ನ ನಾಲ್ಕು ದಿನ ಕಣದಲ್ಲಿ ಒಣಗಿಸಿದ್ದೆ. ಬಚ್ಚಲ ಒಲೆಗೆ ಒಂದು ಹೆಂಟೆ ಹಾಕಿದೆ. ಉರಿ ಹತ್ತಲಿಲ್ಲ, ಬೆರಣಿ ಥರ ಕನಕನ ಅಂತ ಹೊಗೆಯಾಡಿಕೊಂಡು ಕೂತಿತ್ತು, ಕೊನೆಗೆ ಹಾಕಿದಷ್ಟೇ ದೊಡ್ಡ ಇಟ್ಟಿಗೆ ಉಳೀತು. ಅಮ್ಮ ಬಚ್ಚಲಿಂದ ಕೂಗಿದ್ದು ರಸ್ತೆವರೆಗೆ ಕೇಳಿಸಿರುತ್ತೆ.

ಬೈಕಿನವರು ಮಧ್ಯಾಹ್ನ ಫೋನ್ ಮಾಡಿದ್ರು. ಗೊರೂರು ಬಂಡೆ ವಯಸ್ಸೆಷ್ಟು ಸ್ವಾಮಿ ಅಂತ ಕೇಳಿದೆ. ಸಿಗ್ನಲ್ ಇಲ್ಲ ಅಂತ ಕಟ್ ಮಾಡಿದ್ರು.

ಮೇಷ್ಟ್ರೇ, ಕೊನೇ ಪ್ರಶ್ನೆ. ಈ ಕಪ್ಪು ಮಣ್ಣನ್ನ ನರ್ಸರಿ ಪಾಕೆಟ್ಟಿಗೆ ಬೆರೆಸಬಹುದಾ? ಎರಡು ಸಾವಿರ ಅರೇಬಿಕಾ ಸಸಿ ಮಾಡ್ಬೇಕು.

ಬೇಲೂರು ಮೇಷ್ಟ್ರು

ಬೆರೆಸಬಹುದು, ಆದರೆ ಆತುರ ಬೇಡ. ಜೌಗಿನ ಮಣ್ಣು ಗಾಳಿಗೆ ಬಿದ್ದ ಮೇಲೆ ಗಂಧಕದಿಂದಾಗಿ ಹುಳಿಯಾಗುತ್ತದೆ. ಒಂದು ಮಳೆಗಾಲ ತೋಯಲು ಬಿಡಿ, ಮಣ್ಣು ಪರೀಕ್ಷೆ ಮಾಡಿಸಿ, ಸುಣ್ಣ ಎಷ್ಟು ಬೇಕೆಂದು ಅವರೇ ಹೇಳುತ್ತಾರೆ. ಆ ಪರೀಕ್ಷೆಗೆ ಐದು ಸಾವಿರ ಆಗುವುದಿಲ್ಲ.

ಇನ್ನೊಂದು ಎಲೆ ಸಿಕ್ಕರೆ ಗಾಳಿಗೆ ಹಿಡಿಯಬೇಡಿ. ಹೊಂಡದ ನೀರಿನ ಸಮೇತ ಬಾಟಲಿಗೆ ತುಂಬಿ, ಬಿರಡೆ ಬಿಗಿದು ಇಡಿ. ಮುಂದಿನ ವಾರ ಮೂಡಿಗೆರೆಗೆ ಬರುವ ಕೆಲಸ ಇದೆ.